ಓದುಗರ ಪ್ರಶ್ನೆ: ಕ್ರೀಮ್ ಸುರಿದರೂ ರಿಸೊಟ್ಟೊ ನುಣುಪಾಗುತ್ತಿಲ್ಲ

ಪ್ರಶ್ನೆ: ಸೀಗಡಿ, ಬೊಂಡಾಸ್ (ಸ್ಕ್ವಿಡ್), ಕಪ್ಪೆಚಿಪ್ಪು ಹಾಕಿ ಇಟಲಿಯ ಅನ್ನದಡುಗೆ ರಿಸೊಟ್ಟೊ ಮಾಡುತ್ತೇನೆ. ಒಂದು ಕಪ್ ಕ್ರೀಮ್ ಸುರಿದರೂ ಅನ್ನ ಅಂಟಂಟಾಗಿ ಮುದ್ದೆಯಾಗುತ್ತದೆ. ಸೀಗಡಿಯಂತೂ ರಬ್ಬರ್. ಎಲ್ಲಿ ತಪ್ಪುತ್ತಿದೆ?

ಉತ್ತರ: ಮೊದಲು ಆ ಕ್ರೀಮನ್ನು ಫ್ರಿಜ್‌ಗೆ ವಾಪಸ್ ಇಡಿ. ರಿಸೊಟ್ಟೊದ ನುಣುಪು ಅಕ್ಕಿಯ ಗಂಜಿಯಿಂದಲೇ ಬರಬೇಕು. ಉತ್ತರ ಇಟಲಿಯ ಪೋ ನದಿ ಬಯಲಲ್ಲಿ ಬೆಳೆಯುವ ಅರ್ಬೋರಿಯೊ, ಕಾರ್ನರೋಲಿ, ವಿಯಲೋನೆ ನಾನೊ ಅಕ್ಕಿಗಳ ಗುಣವೇ ಅದು. ಕಾಳಿನ ಹೊರಮೈ ಗಂಜಿ ಬಿಡುತ್ತದೆ, ನಡುವೆ ಗಟ್ಟಿಯಾಗಿ ಉಳಿಯುತ್ತದೆ. ನೀವು ಅಕ್ಕಿ ತೊಳೆಯುತ್ತೀರಾ? ಬರೆದಿಲ್ಲ, ಆದರೂ ಹೇಳಿಬಿಡುತ್ತೇನೆ: ತೊಳೆಯಲೇಬೇಡಿ. ಬೇಕಾದ ಗಂಜಿಯೇ ನೀರಿನ ಜೊತೆ ಹೋಗಿಬಿಡುತ್ತದೆ.

ಇನ್ನು ರುಚಿಯ ವಿಷಯ. ಸೀಗಡಿಯ ತಲೆ, ಸಿಪ್ಪೆ ಎಸೆಯುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಸಮುದ್ರದ ರುಚಿ ಇರುವುದೇ ಅಲ್ಲಿ. ಆಲಿವ್ ಎಣ್ಣೆಯಲ್ಲಿ ಅವನ್ನು ಕೆಂಪಗೆ ಹುರಿಯಿರಿ. ಸೌಟಿನ ಬೆನ್ನಿಂದ ತಲೆಗಳನ್ನು ಒತ್ತಿ. ಒಳಗಿನ ರಸ ಎಣ್ಣೆಗೆ ಇಳಿದು ಎಣ್ಣೆಯೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಆ ಘಮ ಬಂದಾಗ ಒಂದೂವರೆ ಲೀಟರ್ ನೀರು ಹಾಕಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿ ಸೋಸಿಕೊಳ್ಳಿ. ಇದೇ ನಿಮ್ಮ ಸ್ಟಾಕ್. ಪಕ್ಕದ ಒಲೆಯಲ್ಲಿ ಬಿಸಿಯಾಗಿಯೇ ಇರಲಿ. ತಣ್ಣನೆಯದನ್ನು ಸುರಿದರೆ ಪ್ರತಿ ಸಲವೂ ಬೇಯುವುದು ನಿಂತು ಹೋಗುತ್ತದೆ.

ನಾಲ್ಕು ಜನಕ್ಕೆ 320 ಗ್ರಾಂ ಅಕ್ಕಿ ಸಾಕು. ಸಣ್ಣಗೆ ಹೆಚ್ಚಿದ ಈರುಳ್ಳಿ ಬಾಡಿದ ಮೇಲೆ ಅಕ್ಕಿ ಹಾಕಿ ಹುರಿಯಿರಿ. ಕಾಳಿನ ಅಂಚು ಗಾಜಿನಂತಾಗಿ, ನಡುವೆ ಬಿಳಿ ಉಳಿದಾಗ ಅರ್ಧ ಲೋಟ ಬಿಳಿ ವೈನ್ ಹಾಕಿ. ಅದರ ಘಾಟು ಹೋದ ಮೇಲೆ ಸೌಟು ಸೌಟಾಗಿ ಸ್ಟಾಕ್. ಆಗಾಗ ಕಲಕಿದರೆ ಸಾಕು, ಕೈ ನೋಯುವ ತನಕ ತಿರುವಬೇಕಿಲ್ಲ. 14 ನಿಮಿಷಕ್ಕೆ ಒಂದು ಕಾಳು ಕಚ್ಚಿ ನೋಡಿ. ನಡುವೆ ಸಾಸಿವೆಯಷ್ಟು ಬಿಳಿ ಚುಕ್ಕೆ ಕಾಣಬೇಕು.

ಮೀನು, ಸೀಗಡಿ ಎಲ್ಲ ಈಗ, ಮೊದಲಲ್ಲ! ಸೀಗಡಿಗೆ, ಬೊಂಡಾಸ್ ಬಿಲ್ಲೆಗೆ ಕೊನೆಯ ಎರಡು ನಿಮಿಷ ಸಾಕು. ಕಪ್ಪೆಚಿಪ್ಪನ್ನು ಬೇರೆ ಬಾಣಲೆಯಲ್ಲಿ ಮುಚ್ಚಿ ಬೇಯಿಸಿ. ಬಾಯಿ ತೆರೆಯದವನ್ನು ಎಸೆಯಿರಿ. ಅದು ಬಿಟ್ಟ ನೀರನ್ನು ಬಟ್ಟೆಯಲ್ಲಿ ಸೋಸಿ ಪಾತ್ರೆಗೇ ಹಾಕಿ. ಆ ನೀರೇ ಉಪ್ಪು, ಹಾಗಾಗಿ ಕಡೆಗೆ ರುಚಿ ನೋಡಿ ಉಪ್ಪು ಹಾಕಿ.

ಒಲೆ ಆರಿಸಿ. ಒಂದು ನಿಮಿಷ ಸುಮ್ನೆ ಬಿಡಿ. ಆಮೇಲೆ ಫ್ರಿಜ್‌ನಿಂದ ತೆಗೆದ 40 ಗ್ರಾಂ ತಣ್ಣನೆ ಬೆಣ್ಣೆ ಹಾಕಿ ರಭಸದಿಂದ ಕಲಕಿ. ಇಟಲಿಯಲ್ಲಿ ಇದಕ್ಕೆ ಮಂತೆಕಾತೂರಾ ಅಂತಾರೆ. ಗಂಜಿ, ಬೆಣ್ಣೆ, ಸ್ಟಾಕ್ ಮೂರೂ ಹದವಾಗಿ ಬೆರೆತು ಹೊಳಪು ಬರುತ್ತದೆ. ತಟ್ಟೆ ಓರೆ ಮಾಡಿದರೆ ನಿಧಾನಕ್ಕೆ ಹರಿಯಬೇಕು. ಗುಡ್ಡೆಯಾಗಿ ಕೂತರೆ ಇನ್ನರ್ಧ ಸೌಟು ಸ್ಟಾಕ್ ಹಾಕಿ.

ಪ್ರಶ್ನೆ: ಮೇಲೆ ಪಾರ್ಮೆಸಾನ್ ಚೀಸ್ ತುರಿದರೆ ಇನ್ನೂ ಚೆನ್ನಾಗಿರುತ್ತೆ ಅಲ್ವಾ?

ಉತ್ತರ: ಅಣಬೆಯ ರಿಸೊಟ್ಟೊಗೆ ಖಂಡಿತ. ಮೀನಿನದಕ್ಕೆ ಇಟಲಿಯ ಹೆಚ್ಚಿನವರು ಹಾಕುವುದಿಲ್ಲ, ನಾನೂ ಹಾಕುವುದಿಲ್ಲ. ಸೀಗಡಿಯ ಸಿಹಿ ಬಹಳ ಮೆಲುವಾದದ್ದು. ಚೀಸಿನ ಉಪ್ಪು, ಘಾಟು ಅದನ್ನು ಮುಚ್ಚಿಹಾಕುತ್ತದೆ. ನಿಂಬೆಯ ಹಳದಿ ಸಿಪ್ಪೆ ಚೂರು ತುರಿದು ನೋಡಿ.

ಪ್ರಶ್ನೆ: ವೆನಿಸ್‌ಗೆ ಹೋದಾಗ ಮೀನಿನ ರಿಸೊಟ್ಟೊ ತರಿಸಿದೆವು. ತಟ್ಟೆಯಲ್ಲಿ ಒಂದೇ ಒಂದು ಮೀನಿನ ತುಂಡೂ ಇರಲಿಲ್ಲ. ಮೋಸ ಹೋದೆವಾ?

ಉತ್ತರ: ಇಲ್ಲ, ನೀವು ಅದೃಷ್ಟವಂತರು! ಅದು ಬಹುಶಃ ಬುರಾನೊ ದ್ವೀಪದ ‘ರಿಸೊಟ್ಟೊ ದಿ ಗೋ’. ಗೋ ಅಂದರೆ ವೆನಿಸ್ ಹಿನ್ನೀರಿನ ಕೆಸರಲ್ಲಿ ಸಿಗುವ ಸಣ್ಣ ಮೀನು. ಮುಳ್ಳು ಜಾಸ್ತಿ, ಮಾಂಸ ಕಡಿಮೆ. ಹಾಗಾಗಿ ಬೇಯಿಸಿ, ಹಿಂಡಿ, ಸೋಸಿ, ಆ ರಸದಲ್ಲೇ ಅಕ್ಕಿ ಬೇಯಿಸುತ್ತಾರೆ. ಮೀನು ಪೂರ್ತಿ ಅನ್ನದೊಳಗೇ ಇರುತ್ತದೆ. ಮುಂದಿನ ಸಲ ಅಲ್ಲಿಗೆ ಹೋದರೆ ಅದನ್ನೇ ಕೇಳಿ ತರಿಸಿಕೊಳ್ಳಿ. ತಟ್ಟೆಯ ಅಂಚು ಬೇಗ ಆರುತ್ತದೆ, ಅಲ್ಲಿಂದಲೇ ತಿನ್ನಲು ಶುರುಮಾಡಿ.