ಡಿಎನ್‌ಎ ರಿಪೋರ್ಟಲ್ಲಿ ನಿಯಾಂಡರ್ತಾಲ್ (ಅಳಿದುಹೋದ ಆದಿಮಾನವ ಕುಲ) ಅಂಶ ನನಗೆ 72%, ಅಣ್ಣನಿಗೆ 40%. ನನ್ನ ದಪ್ಪ ಹುಬ್ಬು, ಹಟ ಎಲ್ಲ ಅದರಿಂದಲೇ ಇರಬೇಕು. ಇನ್ನೊಂದು ಕಂಪನಿಯಲ್ಲಿ ಡಿಎನ್‌ಎ ಟೆಸ್ಟ್ ಮಾಡಿಸಲೇ?

ಮಾಡಿಸಬೇಡಿ. ಮೊದಲು ಆ 72ರ ಹಿಂದೆ ಮುಂದೆ ಇರುವ ಸಾಲನ್ನು ಪೂರ್ತಿ ಓದಿ. ನಾನು ಓದಲಿಲ್ಲ. ಅದಕ್ಕೆ ತೆತ್ತಿದ್ದು ಇಪ್ಪತ್ತು ಸಾವಿರ ರೂಪಾಯಿ, ಮೇಲೆ ಎರಡು ತಿಂಗಳು ಅಮ್ಮ ಮಾತು ಬಿಟ್ಟಿದ್ದಳು.

ನಾನಿರೋದು ಮೈಸೂರು, ಊರು ಮದ್ದೂರಿನ ಹತ್ತಿರ. 2022ರಲ್ಲಿ ಸ್ವಾಂಟೆ ಪಾಬೊ ಅವರಿಗೆ ನೊಬೆಲ್ ಬಂತಲ್ಲ, ಹಳೇ ಮೂಳೆಗಳಿಂದ ನಿಯಾಂಡರ್ತಾಲ್ ಡಿಎನ್‌ಎ ಓದಿ ತೋರಿಸಿದ್ದಕ್ಕೆ, ಆಗ ಈ ಹುಚ್ಚು ಹತ್ತಿತು. ಗೆಳೆಯನ ಕೈಲಿ ಹೊರದೇಶದಿಂದ ಕಿಟ್ ತರಿಸಿದೆ. ಕೊಳವೆಯಲ್ಲಿ ಗೆರೆ ಮುಟ್ಟುವವರೆಗೆ ಉಗುಳಬೇಕು, ನೊರೆ ಲೆಕ್ಕಕ್ಕಿಲ್ಲ. ಅದಕ್ಕೆ ಮುಂಚೆ ಅರ್ಧ ಗಂಟೆ ನೀರೂ ಕುಡಿಯೋ ಹಾಗಿಲ್ಲ. ಬಾಯಿ ಒಣಗಿ ಏನೂ ಬರಲಿಲ್ಲ. ಕೊನೆಗೆ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ನೆನೆಸಿಕೊಂಡೆ, ತುಂಬಿತು.

ರಿಪೋರ್ಟಲ್ಲಿ ದಪ್ಪಕ್ಷರದಲ್ಲಿ 81% ಅಂತಿತ್ತು. ನನ್ನಲ್ಲಿ ನೂರಕ್ಕೆ 81 ಪಾಲು ನಿಯಾಂಡರ್ತಾಲ್ ಅಂದುಕೊಂಡು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಸಾಲದು ಅಂತ ಅಣ್ಣನಿಗೂ ಮಾಡಿಸಿದೆ. ಅವನದು 34 ಬಂತು.

ಮುಂದಿನ ವರ್ಷ ಪಕ್ಷಕ್ಕೆ ಊರಿಗೆ ಹೋಗಿದ್ವಿ. ಹಿರಿಯರಿಗೆ ಎಡೆ ಇಟ್ಟು, ಎಲ್ಲರೂ ಊಟಕ್ಕೆ ಕೂತಿದ್ದಾರೆ. ಚಿಕ್ಕಪ್ಪ ಶುರು ಮಾಡಿದರು. "ಏನ್ಲಾ, ಒಂದೇ ಹೊಟ್ಟೇಲಿ ಹುಟ್ಟಿದೋರು, ಒಬ್ಬನಿಗೆ ಎಂಬತ್ತೊಂದು, ಒಬ್ಬನಿಗೆ ಮೂವತ್ನಾಕಾ? ಅತ್ತಿಗೇನೆ ಕೇಳ್ಬೇಕು ಕಣ." ತಮಾಷೆಗೇ ಅಂದಿದ್ದು. ನಾನು ಸುಮ್ನಿರಬೇಕಿತ್ತು. "ಅದಕ್ಕೇ ಅಮ್ಮಂಗೂ ಒಂದು ಕಿಟ್ ತಂದಿದೀನಿ" ಅಂದೆ. ಮುದ್ದೆ ಬಡಿಸುತ್ತಿದ್ದ ಅಮ್ಮ ತಟ್ಟೆ ಅಲ್ಲೇ ಇಟ್ಟು ಒಳಗೆ ಹೋದಳು.

ಬಿಡಿಸಿ ಹೇಳಿದ್ದು ಅಕ್ಕನ ಮಗಳು. ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಓದ್ತಿದ್ಲು. "ಮಾವ, ಈ ಸಾಲು ಓದಿದ್ರಾ?" ಅಂತ ಫೋನ್ ಮುಂದೆ ಹಿಡಿದಳು. 'ನಮ್ಮ ಗ್ರಾಹಕರಲ್ಲಿ 81% ಜನರಿಗಿಂತ ನಿಮ್ಮಲ್ಲಿ ನಿಯಾಂಡರ್ತಾಲ್ ಗುರುತುಗಳು ಜಾಸ್ತಿ.' ಅಂದರೆ 81 ನನ್ನ ಪಾಲಲ್ಲ, ಗ್ರಾಹಕರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ನಾನು ನಿಂತಿರೋ ಜಾಗ. ಪರ್ಸೆಂಟ್ ಬೇರೆ, ಪರ್ಸೆಂಟೈಲ್ ಬೇರೆ.

ಇದನ್ನ ಇನ್ನೊಂದು ಸಲ ಹೇಳ್ತೀನಿ, ಯಾಕಂದ್ರೆ ನನಗೆ ಮೂರು ಸಲ ಹೇಳಿದ ಮೇಲೆ ಅರ್ಥವಾಯಿತು. ಒಂದು ಕ್ಲಾಸಲ್ಲಿ ಎಲ್ಲರೂ ನೂರಕ್ಕೆ ಎರಡರ ಆಸುಪಾಸು ಮಾರ್ಕ್ಸ್ ತೆಗೆದಿದ್ದಾರೆ ಅಂದ್ಕೊಳ್ಳಿ. ಒಬ್ಬನಿಗೆ 1.9, ಅವನ ಅಣ್ಣನಿಗೆ 1.7. ಇಬ್ಬರೂ ಡುಮ್ಕಿ. ಆದರೆ ರ‍್ಯಾಂಕ್ ಪಟ್ಟಿ ಹಾಕಿದರೆ 1.9ರವನು ಎಷ್ಟೋ ಜನರನ್ನು ದಾಟಿ ಮೇಲೆ ಹೋಗಿ ಕೂರ್ತಾನೆ. ನನ್ನ 81, ಅಣ್ಣನ 34 ಅಂಥ ರ‍್ಯಾಂಕು. ನಿಮ್ಮ 72, 40 ಕೂಡ ಅದೇ ಇರಬೇಕು, ನೋಡಿ. ಆಫ್ರಿಕಾದ ಹೊರಗೆ ಹರಡಿದ ಜನರಲ್ಲಿ ನಿಯಾಂಡರ್ತಾಲ್ ಪಾಲು 1ರಿಂದ 2% ಅಷ್ಟೆ. ಸುಮಾರು 50 ಸಾವಿರ ವರ್ಷದ ಹಿಂದೆ ನಮ್ಮ ಪೂರ್ವಿಕರು ಅವರ ಜೊತೆ ಕೂಡಿದಾಗ ಬೆರೆತಿದ್ದು, ತಲೆಮಾರು ದಾಟುತ್ತಾ ಚೂರು ಚೂರಾಗಿ ಉಳಿದಿದೆ. ನಮ್ಮ ಡಿಎನ್‌ಎ ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಬರುತ್ತೆ, ಆದರೆ ಯಾವ ಅರ್ಧ ಅನ್ನೋದು ಒಬ್ಬೊಬ್ಬ ಮಗುವಿಗೆ ಒಂದೊಂದು ಥರ. ಅಣ್ಣ ತಮ್ಮಂದಿರ ಲೆಕ್ಕ ಒಂದೇ ಆಗಬೇಕಿಲ್ಲ.

ನನ್ನ 81 ನಿಜವಾಗಬೇಕಿದ್ದರೆ ಅಪ್ಪ, ಅಮ್ಮ ಇಬ್ಬರೂ ಹೆಚ್ಚುಕಮ್ಮಿ ನಿಯಾಂಡರ್ತಾಲರೇ ಆಗಿರಬೇಕಿತ್ತು. ಅಷ್ಟಲ್ಲದಿದ್ದರೂ ಅರ್ಧಕ್ಕರ್ಧ ಬೆರಕೆಯ ಹುಡುಗಿಯೊಬ್ಬಳು ಸಿಕ್ಕಿದ್ದಾಳೆ, ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ. ತಾಯಿ ನಿಯಾಂಡರ್ತಾಲ್, ತಂದೆ ಡೆನಿಸೋವನ್ ಅನ್ನೋ ಇನ್ನೊಂದು ಕುಲದವನು. ಚಿಕ್ಕ ಮೂಳೆ ತುಂಡಿನಿಂದ 2018ರಲ್ಲಿ ಗೊತ್ತಾಯಿತು. ಅವಳು ಬದುಕಿದ್ದದ್ದು ಸುಮಾರು 90 ಸಾವಿರ ವರ್ಷದ ಹಿಂದೆ, ಮದ್ದೂರಲ್ಲಲ್ಲ.

ಹುಬ್ಬು ದಪ್ಪ, ಹಟ ಜಾಸ್ತಿ, ಇದೆಲ್ಲ ಅದರಿಂದಲೇ ಇರಬೇಕು ಅಂತ ಬರೆದಿದ್ದೀರಿ. ಆ ಯೋಚನೆಯೇ ಸರಿಯಿಲ್ಲ. ಎಷ್ಟು ಪರ್ಸೆಂಟ್ ಅನ್ನೋದಕ್ಕಿಂತ ಡಿಎನ್‌ಎಯ ಯಾವ ತುಂಡು ಅನ್ನೋದು ಮುಖ್ಯ. ಮೂರನೇ ಕ್ರೋಮೋಸೋಮಿನಲ್ಲಿ (ಡಿಎನ್‌ಎ ಸುತ್ತಿಟ್ಟ ಎಳೆ, ವರ್ಣತಂತು) ನಿಯಾಂಡರ್ತಾಲರಿಂದ ಬಂದ ಒಂದು ತುಂಡಿದ್ದರೆ ಕೋವಿಡ್ ಜೋರಾಗುವ ಸಾಧ್ಯತೆ ಹೆಚ್ಚು ಅಂತ 2020ರಲ್ಲಿ ಪಾಬೊ ಮತ್ತು ಹ್ಯೂಗೋ ಜೆಬರ್ಗ್ ತೋರಿಸಿದರು. ದಕ್ಷಿಣ ಏಷ್ಯಾದಲ್ಲಿ ಹೆಚ್ಚುಕಮ್ಮಿ ಅರ್ಧ ಜನ ಅದನ್ನು ಹೊತ್ತಿದ್ದಾರೆ. ಮರುವರ್ಷ ಅವರೇ ಹನ್ನೆರಡನೇ ಕ್ರೋಮೋಸೋಮಿನಲ್ಲಿ ಅದಕ್ಕೆ ಉಲ್ಟಾ, ಕಾಪಾಡುವ ತುಂಡೊಂದನ್ನು ತೋರಿಸಿದರು. ಅದೂ ನಿಯಾಂಡರ್ತಾಲರದೇ. ನಿಮ್ಮ ಹಟ ನಿಮ್ಮ ಸ್ವಂತದ್ದು.

ದುಡ್ಡು ಉಳಿಸಿ, ಅಣ್ಣನಿಗೆ ಫೋನ್ ಮಾಡಿ. ಅಮ್ಮನ ಕಿಟ್ ಇನ್ನೂ ಸೀಲ್ ಒಡೆಯದೆ ನಮ್ಮನೆ ಬೀರುವಿನಲ್ಲಿದೆ. ಕೇಳಿದರೂ ಕೊಡಲ್ಲ.