ಮಗನ ಜೇಬಲ್ಲಿ ಪ್ಯಾಕೆಟ್ ಸಿಕ್ಕಿದೆ, ಅವನನ್ನು ಏನಂತ ಕೇಳಲಿ?

ಹದಿಹರೆಯದ ಮಕ್ಕಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಮನೋವೈದ್ಯರ ಉತ್ತರ

ಪ್ರಶ್ನೆ: ಮಗ ಹತ್ತನೇ ಕ್ಲಾಸು. ಯೂನಿಫಾರಂ ಒಗೆಯುವಾಗ ಪ್ಯಾಂಟಿನ ಜೇಬಲ್ಲಿ ಎರಡು ಖಾಲಿ ಪ್ಯಾಕೆಟ್ ಸಿಕ್ಕವು. ಒಂದು ಪಾನ್ ಮಸಾಲಾದ್ದು, ಇನ್ನೊಂದು ತಂಬಾಕಿನದು. ಕೇಳಿದರೆ ‘ಫ್ರೆಂಡ್‌ದು’ ಅಂದ. ಅವರಪ್ಪ ಬೆಲ್ಟ್ ತಗೊಂಡು ಹೊಡೆದರು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಸಿಟ್ಟಿಗೆ ಊಟಾನೂ ಸರಿಯಾಗಿ ಮಾಡುತ್ತಿಲ್ಲ, ಸಾರು ಖಾರ ಅಂತ ಬರೀ ಮೊಸರನ್ನ ತಿಂದು ಏಳುತ್ತಾನೆ. ನಮ್ಮ ಯಜಮಾನರಿಗೂ ಎಲೆ ಅಡಿಕೆ ಅಭ್ಯಾಸ ಇದೆ, ಆದರೆ ಅದು ಬೇರೆ ಅಲ್ವಾ ಡಾಕ್ಟ್ರೇ? ಇವನನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ?
– ಒಬ್ಬ ತಾಯಿ, ಶಿವಮೊಗ್ಗ ಜಿಲ್ಲೆ

ಉತ್ತರ: ನಿಮ್ಮ ಪತ್ರ ಓದುತ್ತಾ ನಾನು ತಡೆದು ನಿಂತದ್ದು ಮೊಸರನ್ನದ ಹತ್ತಿರ. ಅದನ್ನು ನೀವು ಸಿಟ್ಟು ಅಂದುಕೊಂಡಿದ್ದೀರಿ. ಇದ್ದರೂ ಇರಬಹುದು. ಆದರೆ ಮೊನ್ನೆವರೆಗೆ ಉಣ್ಣುತ್ತಿದ್ದ ಸಾರೇ ಈಗ ಬಾಯಿ ಉರಿಸುತ್ತಿದ್ದರೆ ಬೇರೆ ಅನುಮಾನ ಬರುತ್ತದೆ. ಅಡಿಕೆ ಜಗಿಯುವವರ ಕೆನ್ನೆಯ ಒಳಪದರ ಬಿಳಚಿಕೊಂಡು, ಗಟ್ಟಿ ನಾರಿನಂತಾಗಿ, ಬಾಯಿ ತೆರೆಯುವುದೇ ಕಡಿಮೆಯಾಗುತ್ತಾ ಹೋಗುವ ಒಂದು ಕಾಯಿಲೆ ಇದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತೇವೆ. ಖಾರ ತಡೆಯಲಾಗದಿರುವುದು ಅದರ ಮೊದಮೊದಲ ಲಕ್ಷಣ.

ಮನೆಯಲ್ಲೇ ಒಂದು ಸಲ ನೋಡಿ. ಅವನು ತನ್ನದೇ ಕೈಯ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವಂತೆ ಮೇಲಿನ ಹಲ್ಲು ಕೆಳಗಿನ ಹಲ್ಲುಗಳ ನಡುವೆ ಇಡಲಿ. ಸಲೀಸಾಗಿ ಹಿಡಿಸಬೇಕು. ಎರಡೇ ಬೆರಳು ಹಿಡಿಸಿದರೆ ಈ ವಾರವೇ ದಂತವೈದ್ಯರ ಹತ್ತಿರ ಹೋಗಿ. ಮೂರೂ ಹಿಡಿಸಿ ಉರಿ ಮಾತ್ರ ಇದ್ದರೂ ತೋರಿಸುವುದು ಒಳ್ಳೆಯದು. ಗಟ್ಟಿಯಾದ ಕೆನ್ನೆ ಪೂರ್ತಿ ಮೊದಲಿನಂತಾಗುವುದು ಕಷ್ಟ. ಈಗಲೇ ಬಿಟ್ಟರೆ ಮುಂದೆ ಹೋಗದಂತೆ ತಡೆಯಬಹುದು.

ಇದು ಬರುವುದು ಅಡಿಕೆಯಿಂದ, ತಂಬಾಕು ಇಲ್ಲದಿದ್ದರೂ ಬರುತ್ತದೆ. ಶಿವಮೊಗ್ಗದವರಿಗೆ ಇದನ್ನು ಹೇಳಲು ನನಗೂ ಮುಜುಗರವೇ, ನನ್ನ ಕಾಲೇಜು ಫೀಸು ಕಟ್ಟಿದ್ದೂ ಅಡಿಕೆ ದುಡ್ಡಲ್ಲೇ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನಿಮ್ಮ ಯಜಮಾನರದ್ದು ‘ಬೇರೆ’ ಅನ್ನಲು ನನಗೆ ಬಾಯಿ ಬರುತ್ತಿಲ್ಲ.

ಪ್ಯಾಕೆಟ್ ಯಾಕೆ ಎರಡು ಅಂತ ಕೇಳಬಹುದು. ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಬೆರೆಸಿ ಮಾರುವಂತಿಲ್ಲ ಅಂದಾಗ ಮಸಾಲಾ ಒಂದರಲ್ಲಿ, ತಂಬಾಕು ಇನ್ನೊಂದರಲ್ಲಿ ಬಂತು. ಬೆರೆಸುವ ಕೆಲಸ ಈಗ ಹುಡುಗನ ಅಂಗೈ ಮಾಡುತ್ತದೆ. ಜೇಬಲ್ಲಿ ಎರಡೂ ಸಿಕ್ಕಿವೆ ಅಂದರೆ ಅವನಿಗೆ ಆ ಲೆಕ್ಕ ಗೊತ್ತಿದೆ.

ಇನ್ನು ಕೇಳುವ ಬಗೆ. ‘ತಿಂತೀಯೇನೋ?’ ಅಂದರೆ ‘ಇಲ್ಲ’ ಅನ್ನುವುದು ಬಿಟ್ಟು ಅವನಿಗೆ ಬೇರೆ ದಾರಿ ಇಲ್ಲ, ಬೆಲ್ಟು ಇನ್ನೂ ಗೋಡೆಯ ಮೇಲೇ ನೇತಾಡುತ್ತಿದೆ. ಮೊದಲು ಅಪ್ಪ ಮಾತಾಡಲಿ. ‘ಹೊಡೆದದ್ದು ನನ್ನ ತಪ್ಪು’ ಅಂತ ಒಂದೇ ಮಾತು, ಹಿಂದೆ ‘ಆದರೆ’ ಸೇರಿಸದೆ. ಆಮೇಲೆ ಎದುರು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ಬೈಕಿನ ಹಿಂದೆ ಕೂತಾಗ, ಜೊತೆಗೆ ಅವರೆಕಾಯಿ ಬಿಡಿಸುವಾಗ ಮಕ್ಕಳ ಬಾಯಿಂದ ನಿಜ ಸುಲಭವಾಗಿ ಬರುತ್ತದೆ, ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲವಲ್ಲ. ಆಗ ಕೇಳಿ: ‘ದಿನಕ್ಕೆ ಎಷ್ಟಾಗುತ್ತೆ? ಬೆಳಗ್ಗೆ ಎದ್ದು ಎಷ್ಟೊತ್ತಿಗೆ ಬೇಕು ಅನಿಸುತ್ತೆ?’ ಎರಡನೆಯದು ನಾವು ಕ್ಲಿನಿಕ್ಕಿನಲ್ಲೂ ತಪ್ಪದೆ ಕೇಳುವ ಪ್ರಶ್ನೆ. ಎದ್ದ ಅರ್ಧ ಗಂಟೆಯೊಳಗೆ ಬೇಕು ಅನ್ನುವವನಿಗೆ ನಿಕೋಟಿನ್ ಚೆನ್ನಾಗಿಯೇ ಹಿಡಿದಿದೆ, ಅವನಿಗೆ ವೈದ್ಯರ ಸಹಾಯ ಬೇಕು. ಶಾಲೆ ಬಿಟ್ಟ ಮೇಲೆ ಗೆಳೆಯರ ಜೊತೆ ಒಂದೋ ಎರಡೋ ಅನ್ನುವವನು ಬಿಡುವುದು ಅಷ್ಟು ಕಷ್ಟವಲ್ಲ.

ಬಿಟ್ಟ ಮೊದಲ ಮೂರು ನಾಲ್ಕು ದಿನ ಸಿಡಿಮಿಡಿ, ತಲೆನೋವು, ಓದಲು ಕೂತರೆ ಮನಸ್ಸು ನಿಲ್ಲದಿರುವುದು ಇದ್ದದ್ದೇ. ಕೆಲವು ವಾರಗಳಲ್ಲಿ ಇಳಿಯುತ್ತದೆ. ಬೇಕೇಬೇಕು ಅನ್ನಿಸುವ ಹೊತ್ತು ಒಂದೊಂದು ಸಲಕ್ಕೆ ಕೆಲವೇ ನಿಮಿಷ ಇರುತ್ತದೆ. ಆಗ ಬಾಯಿಗೆ ಏನಾದರೂ ಕೆಲಸ ಇರಲಿ, ಹುರಿಗಡಲೆಯಾದರೂ ಸರಿ. ನಿಕೋಟಿನ್ ಚೂಯಿಂಗ್ ಗಮ್ ಮಾತ್ರ ನೀವಾಗಿಯೇ ತಂದುಕೊಡಬೇಡಿ, ಮಕ್ಕಳಿಗೆ ಅದು ವೈದ್ಯರನ್ನು ಕೇಳಿಯೇ ಆಗಬೇಕು. ಸರ್ಕಾರಿ ಆಸ್ಪತ್ರೆಗಳ ‘ಸ್ನೇಹ ಕ್ಲಿನಿಕ್’ 10ರಿಂದ 19 ವರ್ಷದವರಿಗಾಗಿಯೇ ಇದೆ. ಅಲ್ಲಿ ಅವನು ನಿಮ್ಮನ್ನು ಹೊರಗೆ ಕೂರಿಸಿ ಮಾತಾಡಬಹುದು. ಕೂರಿಸಲಿ ಬಿಡಿ.

ಮಾರಿದವನ ವಿಷಯ. ಶಾಲೆಯ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂಬ ಕಾನೂನು 2003ರದ್ದು. ಕರ್ನಾಟಕದ ಹೊಸ ತಿದ್ದುಪಡಿಯ ಪ್ರಕಾರ 21 ತುಂಬದವರಿಗೆ ತಂಬಾಕು ಮಾರುವಂತೆಯೇ ಇಲ್ಲ. ಮಕ್ಕಳಿಗೆ ತಂಬಾಕು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಏಳು ವರ್ಷದವರೆಗೂ ಜೈಲಾಗಬಹುದು. ದೂರು ಕೊಡುವುದಾದರೆ ನಾಲ್ಕು ಜನ ಪೋಷಕರು ಸೇರಿ ಕೊಡಿ. ಒಬ್ಬರೇ ಹೋದರೆ ‘ಇಂಥವರ ಮಗ’ ಅಂತ ಇಡೀ ಕ್ಲಾಸಿಗೆ ಗೊತ್ತಾಗುತ್ತದೆ.

ಪ್ರಶ್ನೆ: ಎರಡನೇ ಪಿಯು ಓದುತ್ತಿರುವ 17ರ ಮಗ ಮಂಗಳೂರಿನಲ್ಲಿ ಪಿಜಿಯಲ್ಲಿದ್ದಾನೆ. ಗಾಂಜಾ ಸೇದುತ್ತಾನೆ ಅಂತ ತಂಗಿಯ ಹತ್ತಿರ ಅವನೇ ಹೇಳಿದ್ದಾನೆ. ‘ಅದು ಬರೀ ಸೊಪ್ಪು, ನ್ಯಾಚುರಲ್, ಶಿವನ ಪ್ರಸಾದ’ ಅನ್ನುತ್ತಾನಂತೆ. ಊರಿಗೆ ಬಂದಾಗ ಅವನಿಗೆ ತಿಳಿಯದಂತೆ ಯೂರಿನ್ ಟೆಸ್ಟ್ ಮಾಡಿಸಬಹುದೇ? ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದಾ? ಒಂದು ವ್ಯಸನಮುಕ್ತಿ ಕೇಂದ್ರದವರು ಫೋನಿನಲ್ಲೇ ‘ಗಾಡಿ ಕಳಿಸುತ್ತೇವೆ, ಮೂರು ತಿಂಗಳು ನಮ್ಮಲ್ಲಿ ಬಿಡಿ’ ಅಂದರು.
– ಒಬ್ಬ ತಂದೆ, ಹಾಸನ

ಉತ್ತರ: ದತ್ತೂರಿಯೂ ಶಿವನಿಗೆ ಪ್ರಿಯವೇ. ಅದನ್ನು ಯಾರೂ ಅರೆದು ಕುಡಿಯುವುದಿಲ್ಲ ಅಂತ ಅವನಿಗೆ ಹೇಳಿ ನೋಡಿ, ನಗುತ್ತಲಾದರೂ ಮಾತು ಶುರುವಾಗುತ್ತದೆ.

ಗುಟ್ಟಾಗಿ ಟೆಸ್ಟ್ ಬೇಡ. ಅಪರೂಪಕ್ಕೆ ಸೇದಿದ್ದರೆ ಮೂತ್ರದಲ್ಲಿ ಕೆಲವು ದಿನ, ದಿನವೂ ಸೇದುತ್ತಿದ್ದರೆ ಬಿಟ್ಟು ವಾರಗಳಾದ ಮೇಲೂ ಸಿಗುತ್ತದೆ. ಎಷ್ಟು, ಯಾಕೆ, ಯಾರ ಜೊತೆ ಎಂಬುದನ್ನು ಆ ಟೆಸ್ಟ್ ಹೇಳುವುದಿಲ್ಲ. ನಿಮಗೆ ಬೇಕಾದ ಸುದ್ದಿ ತಂಗಿಯಿಂದ ಆಗಲೇ ಸಿಕ್ಕಿದೆ. ಕದ್ದು ಪರೀಕ್ಷೆ ಮಾಡಿದ್ದು ಗೊತ್ತಾದರೆ ಮುಂದಿನ ಸಲ ತಂಗಿಗೂ ಹೇಳುವುದಿಲ್ಲ.

ಚಿಕಿತ್ಸೆಗೆ ಬಂದ ಹುಡುಗನನ್ನು ವೈದ್ಯರು ಪೊಲೀಸರಿಗೆ ಒಪ್ಪಿಸುವುದಿಲ್ಲ, ಹೇಳಿದ್ದನ್ನು ಗೌಪ್ಯವಾಗಿಡುವುದು ನಮ್ಮ ಕರ್ತವ್ಯ. ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯಲ್ಲೇ 64ಎ ಎಂಬ ಸೆಕ್ಷನ್ ಇದೆ: ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿ ತಾನಾಗಿ ಚಿಕಿತ್ಸೆ ಪಡೆದು ಮುಗಿಸಿದರೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ.

ಗಾಡಿ ಕಳಿಸುತ್ತೇವೆ ಅಂದವರ ನಂಬರ್ ಅಳಿಸಿಹಾಕಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ 18 ತುಂಬದವರನ್ನು ದಾಖಲಿಸಬೇಕಾದರೆ ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಿ ಒಪ್ಪಬೇಕು, ದೊಡ್ಡವರ ವಾರ್ಡಿನಿಂದ ಪ್ರತ್ಯೇಕವಾಗಿ ಇರಿಸಬೇಕು, ಮನೆಯವರೊಬ್ಬರು ಜೊತೆಗೇ ಇರಬೇಕು. ಫೋನಿನಲ್ಲಿ ಅಡ್ಮಿಷನ್ ಅನ್ನುವುದೇ ಇಲ್ಲ. ಅದೂ ಅಲ್ಲದೆ ಗಾಂಜಾ ಸೇದುವ ಬಹುಪಾಲು ಹುಡುಗರಿಗೆ ದಾಖಲಾಗುವ ಅಗತ್ಯವೇ ಬರುವುದಿಲ್ಲ, ಹೊರರೋಗಿಯಾಗಿ ಬಂದುಹೋದರೆ ಸಾಕು.

ಆದರೆ ಒಂದನ್ನು ತಳ್ಳಿಹಾಕಬೇಡಿ. ನಿದ್ದೆಯಿಲ್ಲದೆ ಓಡಾಡುವುದು, ಒಬ್ಬನೇ ಮಾತಾಡುವುದು, ‘ರೂಮ್‌ಮೇಟ್ ನನ್ನ ಫೋನ್ ಕೇಳಿಸಿಕೊಳ್ಳುತ್ತಿದ್ದಾನೆ’ ಎಂಬಂಥ ಅನುಮಾನ. ಎಳೆಯ ಮಿದುಳಿಗೆ ಗಾಂಜಾದಿಂದ ಇಂಥ ಚಿತ್ತವಿಕಲತೆ ಬರುವ ಅಪಾಯ ಹೆಚ್ಚು, ಮನೆತನದಲ್ಲಿ ಯಾರಿಗಾದರೂ ಆ ಕಾಯಿಲೆ ಇದ್ದರಂತೂ ಇನ್ನೂ ಹೆಚ್ಚು. ಹೀಗೇನಾದರೂ ಕಂಡರೆ ಪಿಯು ಪರೀಕ್ಷೆ ಮುಗಿಯಲಿ ಅಂತ ಕಾಯದೆ ಅವತ್ತೇ ಮನೋವೈದ್ಯರ ಹತ್ತಿರ ಕರೆದೊಯ್ಯಿರಿ. ಉಳಿದಂತೆ, ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹೊತ್ತಲ್ಲದ ಹೊತ್ತಲ್ಲೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕ. ಎಂಟನೇ ತರಗತಿಯ ಮೂವರು ಹುಡುಗರು ಕಾಂಪೌಂಡ್ ಹಿಂದೆ ಪಂಕ್ಚರ್ ಸಲ್ಯೂಷನ್ ಅನ್ನು ಕರ್ಚೀಫಿಗೆ ಹಾಕಿ ಮೂಸುತ್ತಾರೆ. ಓಡಿಸಿಕೊಂಡು ಹೋಗಿ ಹಿಡಿದೆವು. ಟಿ.ಸಿ. ಕೊಟ್ಟು ಕಳಿಸಬೇಕೆಂದು ಕೆಲವರು ಹೇಳುತ್ತಿದ್ದಾರೆ.
– ಶಿಕ್ಷಕ, ಬಳ್ಳಾರಿ ಜಿಲ್ಲೆ

ಉತ್ತರ: ಮೇಷ್ಟ್ರೇ, ಮುಂದಿನ ಸಲ ದಯವಿಟ್ಟು ಓಡಿಸಬೇಡಿ. ಸಲ್ಯೂಷನ್, ಥಿನ್ನರ್‌ಗಳಲ್ಲಿರುವ ಟಾಲ್ವೀನ್‌ನಂಥ ದ್ರಾವಕಗಳು ಹೃದಯವನ್ನು, ಹೆದರಿದಾಗ ಮೈಯಲ್ಲಿ ಉಕ್ಕುವ ಅಡ್ರಿನಲಿನ್‌ಗೆ ವಿಪರೀತ ಸೂಕ್ಷ್ಮವಾಗಿಸುತ್ತವೆ. ಆ ಹೊತ್ತಿನಲ್ಲಿ ಹುಡುಗ ಬೆದರಿ ಓಡಿದರೆ ಹೃದಯದ ಬಡಿತ ತಾಳ ತಪ್ಪಿ ಅಲ್ಲೇ ಕುಸಿದು ಸಾಯಬಹುದು, ಅದು ಮೊದಲ ಸಲ ಮೂಸಿದವನಾದರೂ. ಮೆಲ್ಲಗೆ ಮಾತಾಡಿಸಿ, ಕರ್ಚೀಫು ತೆಗೆದುಕೊಂಡು ಗಾಳಿಯಾಡುವ ಕಡೆ ಕೂರಿಸಿ. ಎಚ್ಚರ ತಪ್ಪಿದರೆ 108.

ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳೇ ಹೆಚ್ಚು ಬಳಸುವ ಅಮಲು ಅಂತ ಸಿಕ್ಕಿದ್ದು ಹೀಗೆ ಮೂಸುವ ಪದಾರ್ಥವೊಂದೇ: ದೊಡ್ಡವರಲ್ಲಿ ಶೇ 0.58, 10ರಿಂದ 17 ವರ್ಷದವರಲ್ಲಿ ಶೇ 1.17. ಕಾರಣ ಸರಳ, ಅಗ್ಗ ಮತ್ತು ಯಾರೂ ಯಾಕೆ ಅಂತ ಕೇಳುವುದಿಲ್ಲ. ಆ ಮೂವರಿಗೆ ಟಿ.ಸಿ. ಕೊಟ್ಟರೆ ಅವರು ಹೋಗುವುದು ಪಂಕ್ಚರ್ ಅಂಗಡಿಗೇ. ಒಬ್ಬೊಬ್ಬರ ಮನೆಗೂ ಒಮ್ಮೆ ಹೋಗಿ ಬನ್ನಿ, ಮಧ್ಯಾಹ್ನದ ಬಿಸಿಯೂಟ ಬಿಟ್ಟರೆ ಬೇರೆ ಊಟ ಇದೆಯಾ ನೋಡಿ. ಮನೆಯಲ್ಲಿ ಹೊಡೆತ, ಕುಡಿತ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ.

ಜೂನ್ 26ರ ಮಾದಕವಸ್ತು ವಿರೋಧಿ ದಿನದ ಜಾಥಾ, ತಲೆಬುರುಡೆಯ ಪೋಸ್ಟರ್ ಇವುಗಳಿಂದ ನಿಮ್ಮ ಹುಡುಗರು ಬದಲಾಗುತ್ತಾರೆ ಅನ್ನುವ ನಂಬಿಕೆ ನನಗಿಲ್ಲ. ಯಾವುದನ್ನು ಮೂಸಿದರೆ ಏನಾಗುತ್ತದೆ ಎಂಬ ಪಟ್ಟಿಯಂತೂ ಗೊತ್ತಿಲ್ಲದವರಿಗೂ ದಾರಿ ತೋರಿಸುತ್ತದೆ. ಗೆಳೆಯ ‘ಒಂದ್ಸಲ ಅಷ್ಟೇ ಕಣೋ’ ಅಂದಾಗ ಮುಖ ಕೆಡಿಸಿಕೊಳ್ಳದೆ ಬೇಡ ಅನ್ನುವುದು ಹೇಗೆ ಅಂತ ತರಗತಿಯಲ್ಲಿ ಅವರಿಂದಲೇ ನಾಟಕ ಮಾಡಿಸಿ, ಮತ್ತೆ ಮತ್ತೆ ಮಾಡಿಸಿ.

ಪ್ರಶ್ನೆ: ಪರೀಕ್ಷೆ ಟೈಮಲ್ಲಿ ರಾತ್ರಿ ಹತ್ತಕ್ಕೆ ಒಂದು ಎನರ್ಜಿ ಡ್ರಿಂಕ್ ಕುಡಿದು ಓದುತ್ತೇನೆ. ಇದೂ ಚಟವಾಗುತ್ತಾ ಸರ್?
– ವಿದ್ಯಾರ್ಥಿನಿ, ತುಮಕೂರು

ಉತ್ತರ: ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಮ್ಮ. ಮಕ್ಕಳಿಗೆ ಸೂಕ್ತವಲ್ಲ ಅಂತ ಅವರೇ ಬರೆದಿರುತ್ತಾರೆ. ನಮ್ಮ ದೇಶದ ನಿಯಮದಂತೆ ಲೀಟರಿಗೆ 300 ಮಿಲಿಗ್ರಾಂವರೆಗೂ ಕೆಫೀನ್ ಇರಬಹುದು, ಅಂದರೆ 250 ಮಿಲಿಲೀಟರಿನ ಡಬ್ಬಿಯಲ್ಲಿ 75. ಒಳಗೆ ಹೋದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಹತ್ತಕ್ಕೆ ಕುಡಿದರೆ ಬೆಳಗಿನ ಜಾವ ಮೂರಕ್ಕೂ ಅರ್ಧ ಡಬ್ಬಿ ನಿನ್ನೊಳಗೇ ಇರುತ್ತದೆ. ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ, ಆ ನಿದ್ದೆಯೇ ಹೋಗುತ್ತದೆ. ದಿನವೂ ಕುಡಿದರೆ ಬಿಟ್ಟ ದಿನ ತಲೆನೋವು ಬರುತ್ತದೆ, ನೀನು ಕೇಳಿದ್ದಕ್ಕೆ ಅದೇ ಉತ್ತರ. ಪರೀಕ್ಷೆಗೆ ಒಂದು ವಾರ ಮೊದಲೇ ನಿಲ್ಲಿಸು, ತಲೆನೋವು ಆ ವಾರದಲ್ಲೇ ಮುಗಿದುಹೋಗಲಿ.