ಫ್ರಾನ್ಸಿನ ರಾಕ್ ಬ್ಯಾಂಡ್ ಟೆಲಿಫೋನ್ ಒಡೆದ ಮೇಲೆ ಅದರ ಗಿಟಾರ್ ವಾದಕ ಲೂಯಿ ಬರ್ಟಿನ್ಯಾಕ್ ಏನು ಮಾಡಿದರು? ಎಲ್ಲಿಂದ ಕೇಳಲು ಶುರುಮಾಡಬೇಕು?

ಮೊದಲು ಕೇಳಬೇಕಾದದ್ದು ಬ್ಯಾಂಡ್ ಇದ್ದಾಗಲೇ ಬಂದ 1982ರ ಹಾಡು 'ಸಾಂದ್ರಿಯೋಂ' (ಅಂದರೆ ಸಿಂಡ್ರೆಲಾ). ಟೆಲಿಫೋನ್‌ನ ಮುಖ್ಯ ಗಾಯಕ ಜಾನ್-ಲೂಯಿ ಓಬೇರ್ ಆದ್ದರಿಂದ ಬರ್ಟಿನ್ಯಾಕ್ ಬರೀ ಗಿಟಾರ್‌ನವರು ಅಂತ ಹಲವರು ತಪ್ಪು ತಿಳಿಯುತ್ತಾರೆ. ಈ ಹಾಡು ಬರೆದವರೂ ಹಾಡಿದವರೂ ಬರ್ಟಿನ್ಯಾಕ್ ಅವರೇ. ಸಿಂಡ್ರೆಲಾಗೆ ಇಪ್ಪತ್ತಾದಾಗ ಕನಸು, ಮೂವತ್ತಕ್ಕೆ ರಾಜಕುಮಾರ ಬಿಟ್ಟುಹೋಗಿರುತ್ತಾನೆ, ಮತ್ತೆ ಹತ್ತು ವರ್ಷಕ್ಕೆ ಮಾದಕ ವ್ಯಸನ, ಸಾವು. ಇಷ್ಟು ಕಠೋರ ಕಥೆಯನ್ನು ಇಷ್ಟು ಮೆಲುದನಿಯಲ್ಲಿ ಹೇಳುವುದೇ ಅದರ ಶಕ್ತಿ.

ಬರ್ಟಿನ್ಯಾಕ್ ಹುಟ್ಟಿದ್ದು 1954ರಲ್ಲಿ, ಅಲ್ಜೀರಿಯಾದ ಓರಾನ್‌ನಲ್ಲಿ. ಟೆಲಿಫೋನ್ 1976ರಿಂದ 1986ರವರೆಗೆ ನಡೆಯಿತು, ಸ್ಟುಡಿಯೋ ಆಲ್ಬಂ ಐದು. ಆಮೇಲೆ ಅದೇ ಬ್ಯಾಂಡಿನ ಬೇಸ್ ವಾದಕಿ ಕೊರೀನ್ ಮರಿಯೆನೋ ಜೊತೆ 'ಬರ್ಟಿನ್ಯಾಕ್ ಎ ಲೇ ವಿಸಿತರ್' ಕಟ್ಟಿದರು, ನಂತರ ಒಬ್ಬರೇ.

ಅವರ ಇನ್ನೊಂದು ಮುಖ ಸಂಗೀತ ನಿರ್ಮಾಪಕನದು. ಗಾಯಕಿ ಕಾರ್ಲಾ ಬ್ರೂನಿಯ 2002ರ ಮೊದಲ ಆಲ್ಬಂ ರೂಪಿಸಿದವರು ಇವರೇ. ಗಿಬ್ಸನ್ ಎಸ್‌ಜಿ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಅಬ್ಬರಿಸುವ ಕೈ ಅಲ್ಲಿ ಅಕೌಸ್ಟಿಕ್ ತಂತಿಗಳನ್ನು ಹಗುರವಾಗಿ ಮೀಟಿ, ಪಿಸುಮಾತಿನಂಥ ದನಿಗೆ ಜಾಗ ಬಿಡುತ್ತದೆ. ಹೆಡ್‌ಫೋನ್ ಹಾಕಿಯೇ ಕೇಳಿ.

2012-13ರಲ್ಲಿ ಫ್ರಾನ್ಸಿನ ಟಿವಿ ಗಾಯನ ಸ್ಪರ್ಧೆ 'ದ ವಾಯ್ಸ್'ನಲ್ಲಿ ತರಬೇತುದಾರರಾಗಿದ್ದರು. 2015ರಿಂದ 2017ರವರೆಗೆ ಓಬೇರ್ ಮತ್ತು ಡ್ರಮ್ಮರ್ ರಿಷಾರ್ ಕೊಲಿಂಕಾ ಜೊತೆ 'ಲೇಝ್ ಆಂಸು' ಹೆಸರಲ್ಲಿ ಹಳೇ ಹಾಡುಗಳನ್ನು ನುಡಿಸಿದರು. ಕೊರೀನ್ ಇರಲಿಲ್ಲ, ಅದಕ್ಕೇ ಅದನ್ನು ಟೆಲಿಫೋನ್‌ನ ಪೂರ್ಣ ಪುನರ್ಮಿಲನ ಎನ್ನಲಾಗದು.